ಗಾಯ ಮಾಯ್ದ ಮೇಲೂ ಕೈಬಿಡದ ಬಿಸಿನೀರಣ್ಣ

ಆಸ್ಪತ್ರೆಯ ಅಂಗಳದ ದೀಪಗಳು ಇನ್ನೂ ಆರಿಲ್ಲ. ನೆಲಮಹಡಿಯ ಡ್ರೆಸಿಂಗ್ ಕೋಣೆಯಲ್ಲಿ ಮಾತ್ರ ಆಗಲೇ ಕೆಟಲ್ ಗುಂಯ್‌ಗುಡುತ್ತಿದೆ. ತಿಳಿನೀಲಿ ಅಂಗಿಯ ತೋಳು ಮಡಚಿಕೊಂಡ, ತಲೆ ಪೂರ್ತಿ ನರೆತ ವ್ಯಕ್ತಿಯೊಬ್ಬರು ಕುದಿಸಿದ ನೀರನ್ನು ಸ್ಟೀಲ್ ಬೋಗುಣಿಗೆ ಬಗ್ಗಿಸಿ, ಆರಲು ಬಿಟ್ಟು, ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟುಕೊಂಡು ನೋಡುತ್ತಾರೆ. ಎಳೆ ಮಗುವಿಗೆ ಹಾಲು ಕುಡಿಸುವ ತಾಯಿ ನೋಡುವ ಹಾಗೆ. ಇನ್ನೂ ಸುಡುತ್ತಿದೆ. ಮತ್ತೆ ಕಾಯುತ್ತಾರೆ.

ಬಾಗಿಲಲ್ಲಿ ನಿಂತ ಯುವಕ ಟೈಲ್ಸ್ ಕೂರಿಸುವ ಕೆಲಸದವನು. ಒಂದು ಕೈ ಪ್ಯಾಂಟಿನ ಜೇಬಿನಲ್ಲಿದೆ, ಬಟ್ಟೆ ಮೈಗೆ ತಾಗದಂತೆ ಮುಂದಕ್ಕೆ ಹಿಡಿದುಕೊಂಡಿದ್ದಾನೆ. ಕಾಲಗಲಿಸಿ ನಡೆಯುತ್ತಾನೆ. ಮುಂದೊಗಲು ಬಿಗಿಯಾಗಿ ಹಿಂದೆ ಸರಿಯದೆ ವರ್ಷಗಟ್ಟಲೆ ನೋವು ತಿಂದು, ಕೊನೆಗೆ ಕಳೆದ ವಾರ ಅದನ್ನು ತೆಗೆಸಿಕೊಂಡವನು. ಸುನ್ನತಿ ಎಂದು ಜನ ಕರೆಯುವ ಅದೇ ಆಪರೇಷನ್ನು. ಪಟ್ಟಿ ಹೊಲಿಗೆಗೆ ಅಂಟಿಕೊಂಡುಬಿಟ್ಟಿದೆ.

"ಅಣ್ಣಾ, ಒಂದೇ ಏಟಿಗೆ ಎಳೆದುಬಿಡಿ. ಕಣ್ಣು ಮುಚ್ಕೋತೀನಿ."

"ಎಳೆಯೋಕೆ ಇದೇನು ಗೋಡೆಗೆ ಅಂಟಿಸಿದ ಪೋಸ್ಟರಾ? ನೀರು ನೆನೆಸುತ್ತೆ, ಅದೇ ಬಿಡುತ್ತೆ. ಅಲ್ಲಿವರೆಗೂ ನೀನು ನಂಗೊಂದು ಹೇಳು. ನಮ್ಮನೆ ಬಚ್ಚಲಲ್ಲಿ ನೀರು ಹೋಗದೆ ಮಡುಗಟ್ಟಿ ನಿಲ್ಲುತ್ತೆ, ಯಾಕೆ?"

ಪಟ್ಟಿಯ ಮೇಲೆ ನೀರು ಹನಿಯುತ್ತಿರುವಾಗ ಯುವಕ ಇಳಿಜಾರಿನ ಲೆಕ್ಕ ಶುರುಮಾಡುತ್ತಾನೆ. ಯಾರೋ ಅಡ್ಡಕಸಬಿ ಮಾಡಿದ ಕೆಲಸವಿರಬೇಕು, ಮೂಲೆಯ ಎರಡು ಟೈಲ್ಸ್ ಕಿತ್ತು ಮತ್ತೆ ಕೂರಿಸಬೇಕು ಎಂದು ಕೈಯಾಡಿಸಿ ವಿವರಿಸುತ್ತಾನೆ. ಮಾತು ಮುಗಿಯುವ ಹೊತ್ತಿಗೆ ನೆನೆದ ಪಟ್ಟಿ ತಾನಾಗಿ ಬಿಟ್ಟುಕೊಂಡು ಬೋಗುಣಿಯೊಳಗೆ ಬಿದ್ದಿದೆ. ಅವನಿಗೆ ಗೊತ್ತೇ ಆಗಿಲ್ಲ. ಬಗ್ಗಿ ನೋಡಿಕೊಂಡವನ ಮುಖ ಬಿಳುಚಿಕೊಳ್ಳುತ್ತದೆ. "ಅಯ್ಯೋ, ಹಳದಿಗಿದೆ! ಕೀವು ಆಗಿದೆ!"

"ಕೀವಲ್ಲಪ್ಪ. ಮೊಣಕಾಲು ತರಚಿದಾಗ ಮೇಲೆ ಹಕ್ಕಳೆ ಕಟ್ಟಲ್ವಾ? ಒದ್ದೆ ಜಾಗದಲ್ಲಿ ಆ ಹಕ್ಕಳೆ ಹಿಂಗೆ ತೆಳ್ಳಗೆ, ಹಳದಿ ಪೊರೆ ಥರ ಇರುತ್ತೆ. ಅದನ್ನ ಕೆರೆದು ತೆಗೀಬೇಡ. ಕೆಳಗೆ ಹೊಸ ಚರ್ಮ ಹುಟ್ಟುತಾ ಇದೆ, ಅದಕ್ಕೆ ಹೊದಿಕೆ ಅದು. ಕೀವಾದ್ರೆ ವಾಸನೆ ಬರುತ್ತೆ, ಸುತ್ತ ಕೆಂಪು ಹರಡುತ್ತೆ, ಜ್ವರ ಬರುತ್ತೆ. ಆಗ ಮಾತ್ರ ಎದ್ದುಬಿದ್ದು ಓಡಿ ಬಾ."

ಯುವಕ ಉಸಿರು ಬಿಡುತ್ತಾನೆ. ಹೊರಗೆ ಹೋಗುವಾಗ ಸಿಕ್ಕ ಕಸ ಗುಡಿಸುವಾಕೆ ನಗುತ್ತಾ ಕೇಳುತ್ತಾಳೆ, "ಆಯ್ತಾ ಬಿಸಿನೀರಣ್ಣನ ಪೂಜೆ?"

ಇಡೀ ಆಸ್ಪತ್ರೆಯಲ್ಲಿ ಅವರಿಗೆ ಅದೇ ಹೆಸರು. ಯಾರು ಏನು ಕೇಳಿದರೂ ಮೊದಲು ಬಿಸಿನೀರು ಎನ್ನುತ್ತಾರೆಂದು ಯಾರೋ ಇಟ್ಟದ್ದು, ಅಂಟಿಕೊಂಡಿದೆ. ಅವರಿಗೆ ಇರುವುದು ಒಂದೇ ತಕರಾರು. "ಬಿಸಿನೀರಲ್ಲ, ಉಗುರುಬೆಚ್ಚಗಿನ ನೀರು ಅಂತ ಬಾಯಿ ನೋಯೋ ಹಂಗೆ ಹೇಳ್ತೀನಿ. ಈ ಹೆಸರು ಕೇಳಿ ಯಾರಾದ್ರೂ ಸುಟ್ಕೊಂಡ್ರೆ ಪಾಪ ಯಾರ ತಲೆಗೆ?"

ದಿನಕ್ಕೆ ಹತ್ತು ಹನ್ನೆರಡು ಮಂದಿ ಈ ಕೋಣೆಗೆ ಬರುತ್ತಾರೆ. ಸುಟ್ಟಗಾಯ, ಕಾಲಿನ ಹುಣ್ಣು, ಹೊಲಿಗೆ ಹಾಕಿದ ಹಣೆ, ಎಲ್ಲವೂ ಇವರ ಕೈ ದಾಟಿಯೇ ಹೋಗುತ್ತವೆ. ಆದರೆ ಮುಂದೊಗಲು ತೆಗೆಸಿಕೊಂಡವರು ಹುಡುಕಿಕೊಂಡು ಬರುವುದು ಇವರನ್ನೇ. ಕಾಲು ಮುರಿದವನು ಪ್ಲಾಸ್ಟರನ್ನು ಊರಿಗೆಲ್ಲ ತೋರಿಸಿಕೊಂಡು ತಿರುಗುತ್ತಾನೆ, ಗೆಳೆಯರಿಂದ ಅದರ ಮೇಲೆ ಹೆಸರು ಬರೆಸಿಕೊಳ್ಳುತ್ತಾನೆ. ಈ ಗಾಯವನ್ನು ಯಾರಿಗೆ ತೋರಿಸುವುದು? ಸ್ವಂತ ಅಣ್ಣನೆದುರೂ ನಾಲಿಗೆ ಹೊರಳದು. ಹಾಗಾಗಿ ಜನ ಬೆಳಕು ಹರಿಯುವ ಮುಂಚೆಯೇ ಬರುತ್ತಾರೆ. ಅವರಿಗಾಗಿಯೇ ಇವರು ಡ್ಯೂಟಿಗಿಂತ ಮೊದಲೇ ಬಂದು ಬಾಗಿಲು ತೆಗೆಯುತ್ತಾರೆ.

ಈ ನಾಚಿಕೆಯ ಭಾರ ಎಷ್ಟೆಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸ್ವತಃ ಹೊತ್ತು ನೋಡಿದವರು.

ಆಗ ಇವರು ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದರು. ವಯಸ್ಸು ನಲವತ್ತರ ಹತ್ತಿರ. ಕುದಿಯುವ ಕಡಾಯಿಗಳ ನಡುವೆ ನಿಂತು, ಒದ್ದೆ ನೂಲಿನ ಬಣ್ಣ ನೋಡಿಯೇ ಒಣಗಿದ ಮೇಲೆ ಅದು ಯಾವ ಬಣ್ಣಕ್ಕೆ ಇಳಿಯುತ್ತದೆಂದು ಹೇಳುತ್ತಿದ್ದ ಕಣ್ಣು ಅವರದು. ಮೈಯಲ್ಲಿ ಸಕ್ಕರೆ ಕಾಯಿಲೆ ಸದ್ದಿಲ್ಲದೆ ಬಂದು ಕೂತದ್ದು ಮಾತ್ರ ಆ ಕಣ್ಣಿಗೆ ಬೀಳಲಿಲ್ಲ. ಮುಂದೊಗಲು ಬಿರುಕು ಬಿಡತೊಡಗಿತು. ಮೂತ್ರ ಮಾಡುವಾಗ ಹಲ್ಲು ಕಚ್ಚಿ ಗೋಡೆ ಹಿಡಿದು ನಿಲ್ಲುವ ಹಾಗಾಯಿತು. ಹೆಂಡತಿಗೆ ಹೇಳಲಿಲ್ಲ. ತಿಂಗಳುಗಟ್ಟಲೆ ಪೌಡರು ಉದುರಿಸಿಕೊಂಡು, ಏನೂ ಆಗದವರಂತೆ ಕೆಲಸಕ್ಕೆ ಹೋದರು. ಒಂದು ದಿನ ಕಡಾಯಿಯ ಪಕ್ಕದಲ್ಲೇ ತಲೆಸುತ್ತಿ ಕುಸಿದರು. ಜೊತೆಯವರು ಹಿಂದಕ್ಕೆಳೆಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಇವರಿಗೂ ಅದೇ ಹಳದಿ ಪೊರೆ ಕಂಡಿತು. ಕೊಳೆಯುತ್ತಿದೆ ಎಂದುಕೊಂಡರು. ಬಚ್ಚಲ ಬಾಗಿಲು ಹಾಕಿಕೊಂಡು, ಒರಟು ಬಟ್ಟೆಯಿಂದ ಉಜ್ಜಿ ತೆಗೆದು, ನೆಲ ಒರೆಸುವ ಕ್ರಿಮಿನಾಶಕವನ್ನು ನೀರೂ ಬೆರೆಸದೆ ಸುರಿದುಕೊಂಡರು. "ಕೂಗಿದ್ದು ಪಕ್ಕದ ಬೀದಿಗೆ ಕೇಳಿಸ್ತಂತೆ" ಎಂದು ಈಗ ನಗುತ್ತಾರೆ. ಆಗ ನಗುವ ಸ್ಥಿತಿ ಇರಲಿಲ್ಲ. ಹೆಂಡತಿ ಬಾಗಿಲ ಚಿಲಕ ಒಡೆಸಿ ಆಟೋ ತರಿಸಿದರು.

ಆ ದಿನ ಈ ಕೋಣೆಯಲ್ಲಿದ್ದದ್ದು ದೊಡ್ಡಕ್ಕ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ನರ್ಸ್. ದಪ್ಪ ಕನ್ನಡಕ, ಗಡಸು ದನಿ. ಆಕೆ ಬೈಯಲಿಲ್ಲ. ಸುಟ್ಟ ಚರ್ಮವನ್ನು ತೊಳೆದು, ಸಾದಾ ವ್ಯಾಸಲೀನು ಹಚ್ಚಿದ ಬಲೆಯಂಥ ತೆಳು ಗಾಜ್ ಬಟ್ಟೆ ಸುತ್ತುತ್ತಾ, "ನೋಡಪ್ಪ, ಇದೂ ಚರ್ಮವೇ. ಕೆನ್ನೆ ಮೇಲೆ ಏನು ಹಾಕಲ್ವೋ ಅದನ್ನ ಇಲ್ಲೂ ಹಾಕ್ಬೇಡ" ಅಂದರು. ಅದೊಂದು ಮಾತಿನಿಂದ ಇವರ ಎದೆಯ ಮೇಲಿನ ಕಲ್ಲು ಇಳಿಯಿತು. ಇಷ್ಟು ದಿನ ತಮ್ಮ ಮೈಯ ಯಾವುದೋ ಹೇಳಬಾರದ ಜಾಗ ಅದಾಗಿತ್ತು. ದೊಡ್ಡಕ್ಕನ ಬಾಯಲ್ಲಿ ಅದು ಕೆನ್ನೆಯ ಪಕ್ಕದಲ್ಲಿ ಬಂದು ಕೂತಿತು.

ಒದ್ದೆಯಲ್ಲಿ, ಬಿಸಿಯಲ್ಲಿ ನಿಲ್ಲುವ ಕೆಲಸ ಇನ್ನು ಬೇಡ ಎಂದು ವೈದ್ಯರು ಹೇಳಿದಾಗ ದಿಕ್ಕು ತೋಚದೆ ಕೂತವರನ್ನು ವಾರ್ಡಿನ ಸಹಾಯಕನಾಗಿ ಸೇರಿಸಿದ್ದೂ ಆಕೆಯೇ. ಜೊತೆಗಿಟ್ಟುಕೊಂಡು ಕಲಿಸಿದರು, ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ತರಬೇತಿಗೆ ಕಳಿಸಿದರು. "ಅವರು ನಂಗೆ ಚರ್ಮ ಕೊಟ್ಟರು, ಅನ್ನ ಕೊಟ್ಟರು, ಒಂದು ಮಾತೂ ಕೊಟ್ಟರು. ನಾನೇನು ಹೊಸದಾಗಿ ಕಂಡುಹಿಡಿದಿದೀನಿ? ಅವರು ಹೇಳಿದ್ದನ್ನೇ ಹೇಳ್ತಾ ಕೂತಿದೀನಿ" ಎನ್ನುತ್ತಾರೆ.

ಹೇಳುವುದೇನೂ ದೊಡ್ಡದಲ್ಲ. ಉಗುರುಬೆಚ್ಚಗಿನ ನೀರು. ಉಜ್ಜದೆ, ಮೆತ್ತನೆಯ ಬಟ್ಟೆಯನ್ನು ಒತ್ತಿ ಒರೆಸುವುದು. ವ್ಯಾಸಲೀನು. ಸಡಿಲ ಹತ್ತಿಬಟ್ಟೆ. ಪೌಡರಿಲ್ಲ, ಘಮಘಮ ಸೋಪಿಲ್ಲ. ಪೂರ್ತಿ ಮಾಯುವವರೆಗೆ, ಅಂದರೆ ವೈದ್ಯರು ಸರಿ ಅನ್ನುವವರೆಗೆ, ಗಂಡಹೆಂಡಿರು ದೂರ. ಊತ ಕೆಲವು ದಿನ ಇರುತ್ತದೆ, ಹೊಲಿಗೆ ತಾನೇ ಕರಗಿ ಉದುರುತ್ತದೆ. ನಿಲ್ಲದ ರಕ್ತ, ಕಟ್ಟಿದ ಮೂತ್ರ, ಹರಡುವ ಕೆಂಪು, ಜ್ವರ ಇವಕ್ಕೆ ಮಾತ್ರ ಕಾಯುವ ಹಾಗಿಲ್ಲ. ಇಷ್ಟನ್ನು ಹೇಳಲು ಇವರಿಗೆ ಬಹಳ ಹೊತ್ತು ಬೇಡ. ಆದರೆ ಕೆಲವರಿಗೆ ಗಾಯ ಮಾಯ್ದ ಮೇಲೆಯೇ ಕಷ್ಟ ಶುರುವಾಗುತ್ತದೆ. ಹಾಗಾದವರಲ್ಲಿ ಒಬ್ಬರು ಬಸ್ ಡ್ರೈವರ್.

ಕಳೆದ ವರ್ಷದ ಮಾತು. ಡ್ರೈವರಿಗೆ ಐವತ್ತು ದಾಟಿತ್ತು, ಇವರ ಹಾಗೆಯೇ ಸಕ್ಕರೆ ಕಾಯಿಲೆ. ಆಪರೇಷನ್ ಚೆನ್ನಾಗಿ ಆಗಿ, ಹೊಲಿಗೆ ಉದುರಿ, ಸರ್ಜನ್ ನೋಡಿ "ಎಲ್ಲ ಸರಿಯಾಗಿದೆ" ಎಂದು ಕಳಿಸಿದ್ದರು. ಇವರೂ ಮರೆತಿದ್ದರು. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಹೆಂಗಸೊಬ್ಬರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಬೆರಳಿಗೆ ಇನ್ನೂ ಹೊಲಿಗೆಯ ಬೆರಳಟೋಪಿ ಹಾಗೇ ಇತ್ತು. ಪರದೆ ಹೊಲಿಯುವ ಅಂಗಡಿಯಿಂದ ನೇರ ಎದ್ದು ಬಂದಿದ್ದರು.

"ಬಿಸಿನೀರಣ್ಣ ಅಂದ್ರೆ ನೀವೇನಾ? ನಮ್ಮನೆಯವರು ಬಸ್ ಓಡಿಸ್ತಾರೆ. ಆಪರೇಷನ್ ಆದಾಗ ದಿನಾ ನಿಮ್ಮ ಮಾತೇ ಆಡ್ತಿದ್ರು. ಈಗ ಯಾರ ಮಾತೂ ಆಡಲ್ಲ."

ಕೂರಿಸಿ ನೀರು ಕೊಟ್ಟ ಮೇಲೆ ಉಳಿದದ್ದು ಹೊರಬಂತು. ಗಂಡ ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಬಚ್ಚಲಿಗೆ ಹೋದರೆ ಗಂಟೆಗಟ್ಟಲೆ ಬರುವುದಿಲ್ಲ, ಬಂದರೆ ಮನೆಯೆಲ್ಲ ಆಸ್ಪತ್ರೆ ವಾಸನೆ. ಮೊನ್ನೆ, ನೀನು ನಿಮ್ಮಣ್ಣನ ಮನೆಗೆ ಹೋಗಿಬಿಡು, ನನ್ನಿಂದ ನಿನಗೆ ಇನ್ನೇನೂ ಇಲ್ಲ ಅಂದರಂತೆ. "ಇಪ್ಪತ್ತೈದು ವರ್ಷ ಸಂಸಾರ ಮಾಡಿದೀನಿ ಅಣ್ಣ. ಬೇರೆ ಯಾರೋ ಇದ್ದಾರೆ ಅಂದ್ಕೊಂಡು ಮೊದಲು ಜಗಳ ಆಡಿದೆ. ಆಮೇಲೆ ಒಂದಿನ ನೋಡ್ತೀನಿ, ತಮ್ಮ ವಾಚು, ಒಳ್ಳೆ ಬೂಟು ಎಲ್ಲ ತಮ್ಮನಿಗೆ ಕೊಟ್ಟುಬಿಟ್ಟಿದಾರೆ. ನಂಗೆ ಭಯ ಆಗ್ತಿದೆ."

ಇದ್ದದ್ದನ್ನೆಲ್ಲ ಹಂಚುವವನು ಬದುಕುವ ಆಸೆಯನ್ನೇ ಬಿಟ್ಟಿದ್ದಾನೆಂದು ಬೂಟಿನ ಮಾತಿನಿಂದ ಬಿಸಿನೀರಣ್ಣನಿಗೆ ಹೊಳೆಯಿತು. ಕಡಾಯಿಯ ಪಕ್ಕ ನಿಂತು ತಮ್ಮ ತಲೆಯಲ್ಲೂ ಎಂತೆಂಥ ಯೋಚನೆ ಬರುತ್ತಿತ್ತೆಂದು ಅವರಿಗೆ ನೆನಪಿತ್ತು. ಆಕೆಯನ್ನು ಸಮಾಧಾನ ಮಾಡಿ ಕಳಿಸಿದವರೇ ಸರ್ಜನ್ ಬಳಿ ಹೋಗಿ ಒಂದು ಮಾತು ಹಾಕಿ, ರಜೆ ಕೇಳಿ, ಸಂಜೆಯೇ ಬಸ್ ನಿಲ್ದಾಣಕ್ಕೆ ನಡೆದರು. ಆ ಡ್ರೈವರ್ ಓಡಿಸುವ ಬಸ್ಸು ಹತ್ತಿ, ಅವರ ಬೆನ್ನ ಹಿಂದಿನ ಸೀಟಿನಲ್ಲೇ ಕೂತರು. ಡ್ರೈವರ್ ಕನ್ನಡಿಯಲ್ಲಿ ನೋಡಿದರು, ಗುರುತು ಹಿಡಿದರು, ದೃಷ್ಟಿ ತಿರುಗಿಸಿದರು. ಜನ ಇಳಿದರು, ಹತ್ತಿದರು, ಇಳಿದರು. ಕೊನೆಯ ನಿಲ್ದಾಣದಲ್ಲಿ ಕಂಡಕ್ಟರ್ ಟೀ ಕುಡಿಯಲು ಹೋದ. ಬಸ್ಸಿನಲ್ಲಿ ಉಳಿದವರು ಇಬ್ಬರೇ.

"ಇಳಿಯಲ್ವಾ?" ಡ್ರೈವರ್ ತಿರುಗದೆಯೇ ಕೇಳಿದರು.

"ನಾನು ಇಳಿಯೋದು ನಿನ್ನ ಜೊತೆ. ನಿಧಾನ ಮಾಡು, ನಂಗೇನು ಅವಸರ ಇಲ್ಲ."

ಇಂಜಿನ್ ಆರುತ್ತಾ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಬಿಸಿನೀರಣ್ಣ ತಾವಾಗಿ ಬಾಯಿ ಬಿಟ್ಟರು. ಬಚ್ಚಲ ಬಾಗಿಲು, ಉಜ್ಜಿದ ಬಟ್ಟೆ, ಸುರಿದುಕೊಂಡ ಕ್ರಿಮಿನಾಶಕ, ಪಕ್ಕದ ಬೀದಿಗೆ ಕೇಳಿಸಿದ ಕೂಗು, ಒಂದನ್ನೂ ಮುಚ್ಚಿಡದೆ ಹೇಳಿದರು. ಕೂಗಿನ ಭಾಗಕ್ಕೆ ಬಂದಾಗ ಡ್ರೈವರರ ಹೆಗಲು ಅಲುಗಿತು. ನಗುತ್ತಿದ್ದಾರೆ ಅಂದುಕೊಂಡರೆ, ಅಳುತ್ತಿದ್ದರು.

"ಅದು ಸಾಯ್ತಾ ಇದೆ ಅಣ್ಣ. ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. ನಡುವೆ ಗೆರೆ ಎಳೆದ ಹಾಗಿದೆ. ತುದಿ ಒಣಗಿ ಒರಟಾಗಿದೆ, ಸಿಪ್ಪೆ ಏಳುತ್ತೆ, ಉರಿಯುತ್ತೆ. ಮೊದಲಿನ ಥರ ಏನೂ ತಿಳಿಯೋದೂ ಇಲ್ಲ. ಡಿಪೋದಲ್ಲಿ ಒಬ್ಬ ಹೇಳ್ದ, ಅದು ಕ್ಯಾನ್ಸರಿಗೆ ತಿರುಗುತ್ತೆ ಅಂತ. ಕೊಳೀತಿರೋ ಮೈ ಇಟ್ಕೊಂಡು ಅವಳ ಪಕ್ಕ ಹೆಂಗೆ ಮಲಗಲಿ?"

ಬಿಸಿನೀರಣ್ಣ ಎದ್ದು ಬಂದು ಇಂಜಿನ್ ಮುಚ್ಚಳದ ಮೇಲೆ ಕೂತರು. ಈಗ ಮುಖಕ್ಕೆ ಮುಖ.

"ನಾನು ಬಣ್ಣದ ಕಾರ್ಖಾನೇಲಿ ಇದ್ದವನು. ಒದ್ದೆ ನೂಲಿನ ಬಣ್ಣ ಒಣಗಿದ ಮೇಲೆ ಇರುತ್ತಾ? ಇರಲ್ಲ. ಬಣ್ಣ ಮಾಸಿದೆ, ನೂಲು ಹಾಳಾಗಿದೆ ಅಂತೀವಾ? ಇಷ್ಟು ವರ್ಷ ಆ ಜಾಗ ಮುಚ್ಚಿಕೊಂಡು ತೇವದಲ್ಲಿ ಇತ್ತು, ಒಳತುಟಿ ಇದ್ದ ಹಾಗೆ. ಈಗ ಗಾಳಿ ತಾಗ್ತಾ ಇದೆ, ಬಟ್ಟೆ ತಾಗ್ತಾ ಇದೆ. ಒಣಗುತ್ತೆ, ಹೊಳಪು ಕಮ್ಮಿ ಆಗುತ್ತೆ. ಒಳಗಿನ ಚರ್ಮ ಹೊರಗಿನ ಚರ್ಮಕ್ಕೆ ಸೇರಿರೋ ಕಡೆ ಗೆರೆ, ಎರಡು ಬಣ್ಣ. ಮೊದಲು ಬಟ್ಟೆ ತಗುಲಿದ್ರೂ ಜುಮ್ ಅಂತಿತ್ತು, ಈಗ ಅದು ರೂಢಿ ಆಗಿದೆ. ಅದು ಸಾಯ್ತಾ ಇಲ್ಲ. ಬದುಕೋದು ಕಲೀತಾ ಇದೆ."

ಡ್ರೈವರ್ ಮುಖ ಎತ್ತಿದರು. ಇವರು ಬೆರಳೆತ್ತಿ ತಡೆದರು. "ಆದ್ರೆ ಉರಿ, ಸಿಪ್ಪೆ ಅಂತೀಯಲ್ಲ, ಅದು ನಿನ್ನ ಮೈಯೆಲ್ಲ ವಾಸನೆ ಹೊಡೀತಿರೋ ಆ ಕ್ರಿಮಿನಾಶಕದ್ದು ಅಂತ ನಂಗೆ ಅನುಮಾನ. ಅನುಮಾನ ಅಷ್ಟೆ. ನಾನು ಡಾಕ್ಟರ್ ಅಲ್ಲ. ಬಿಳಿ ಮಚ್ಚೆ, ಮಾಯದ ಬಿರುಕು, ಗಟ್ಟಿ ಗಂಟು ಇದ್ರೆ ಅವರೇ ನೋಡ್ಬೇಕು. ನಾಳೆ ಬಾ. ಮನೆಯವರನ್ನೂ ಕರ್ಕೊಂಡು ಬಾ."

"ಅವಳ ಮುಂದೆ ನಂಗೆ ಆಗಲ್ಲ."

"ಅವರು ಆಗಲೇ ನನ್ನ ಮುಂದೆ ಬಂದು ಅತ್ತು ಹೋಗಿದಾರೆ ಮಾರಾಯ. ಇನ್ನು ನಿಂಗೆ ಉಳಿದಿರೋ ಮರ್ಯಾದೆ ಯಾವುದು?"

ಆಗ ಮಾತ್ರ ಡ್ರೈವರ್ ನಿಜವಾಗಿ ನಕ್ಕರು. ಮೂಗು ಒರೆಸಿಕೊಂಡು, ವಾಪಸ್ ಹೋಗುವಾಗ ಇವರಿಗೆ ಟಿಕೆಟ್ ಬೇಡ ಎಂದು ಕಂಡಕ್ಟರಿಗೆ ಹೇಳಿದರು. ಇವರು ಹಟ ಮಾಡಿ ಕೊಂಡರು.

ಮರುದಿನ ಗಂಡಹೆಂಡತಿ ಇಬ್ಬರೂ ಬಂದರು. ಸರ್ಜನ್ ನಿಧಾನವಾಗಿ ಪರೀಕ್ಷಿಸಿದರು. ಬಣ್ಣ, ಗೆರೆ, ಒಣಗಿರುವುದು ಎಲ್ಲ ಸಹಜ. ಉರಿ ಮತ್ತು ಸಿಪ್ಪೆ ದಿನಾ ಸುರಿದ ಕ್ರಿಮಿನಾಶಕದ್ದು. ಒಂದು ಚಿಕ್ಕ ಬಿರುಕು ಮಾತ್ರ ಅವರಿಗೆ ಸರಿಬರಲಿಲ್ಲ, ರಕ್ತ ಪರೀಕ್ಷೆ ಮಾಡಿಸಿದರು. ಸಕ್ಕರೆ ಏರಿ ಕೂತಿತ್ತು. ಕೊರಗಿನಲ್ಲಿ ಡ್ರೈವರ್ ಮಾತ್ರೆ ನುಂಗುವುದನ್ನೇ ಬಿಟ್ಟಿದ್ದರು. "ಇನ್ನೂ ತಡವಾಗಿದ್ರೆ ಬೇರೆ ಏನೇನೋ ತೊಂದರೆ ಆಗ್ತಿತ್ತು. ಬಂದದ್ದು ಒಳ್ಳೇದಾಯ್ತು" ಎಂದರು ಸರ್ಜನ್. ಮಾತ್ರೆ ಬದಲಿಸಿ, ಒಂದು ಮುಲಾಮು ಬರೆದುಕೊಟ್ಟು, ಆರು ವಾರ ಬಿಟ್ಟು ಮತ್ತೆ ತೋರಿಸಲು ಹೇಳಿದರು.

ಆಮೇಲೆ ಡ್ರೆಸಿಂಗ್ ಕೋಣೆಯಲ್ಲಿ ಮೂವರೂ ಕೂತರು. ನೂಲಿನ ಮಾತನ್ನು ಬಿಸಿನೀರಣ್ಣ ಮತ್ತೊಮ್ಮೆ ಹೇಳಿದರು, ಈ ಸಲ ಹೆಂಡತಿಯ ಕಡೆ ತಿರುಗಿ. ಆಕೆ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ ಗಂಡನ ತೋಳಿಗೆ ಒಂದು ಗುದ್ದು ಕೊಟ್ಟರು. "ಇಷ್ಟಕ್ಕಾ? ಇಷ್ಟಕ್ಕಾ ನನ್ನ ಅಣ್ಣನ ಮನೆಗೆ ಓಡಿಸ್ತಿದ್ದಿದ್ದು? ನಂಗೆ ಸಿಸೇರಿಯನ್ ಆದಾಗ ಹೊಟ್ಟೆ ಮೇಲೆ ಗೆರೆ ಬಿತ್ತಲ್ಲ, ನಾನೇನು ನಿಮ್ಮನ್ನ ಚಾಪೆ ಮೇಲೆ ಮಲಗಿಸಿದ್ನಾ?" ಡ್ರೈವರ್ ಗುದ್ದು ಬಿದ್ದ ಜಾಗವನ್ನು ಸವರಿಕೊಳ್ಳುತ್ತಾ, ಬಹುಮಾನ ಸಿಕ್ಕವರಂತೆ ಕೂತಿದ್ದರು.

ಉರಿ ಇಳಿಯಿತು, ಬಿರುಕು ಕೂಡಿತು. ಚಾಪೆ ಸುತ್ತಿ ಅಟ್ಟಕ್ಕೆ ಹೋಯಿತು. ಮೈದುನ ಬೂಟು ವಾಪಸ್ ಕೊಡಲು ಒಪ್ಪಲಿಲ್ಲವೆಂದು ಹೊಸದು ಕೊಳ್ಳಬೇಕಾಯಿತಂತೆ. ಆರು ವಾರ ಕಳೆದು ಬಂದಾಗ ಪರದೆ ಹೊಲಿಯುವ ಆ ತಾಯಿ ಬಗಲಲ್ಲಿ ದೊಡ್ಡದೊಂದು ಗಂಟು ತಂದಿದ್ದರು. ಏನೋ ಉಡುಗೊರೆ ಇರಬೇಕೆಂದು ಬಿಸಿನೀರಣ್ಣ ಬೇಡ ಬೇಡ ಎಂದು ಹಿಂದೆ ಸರಿದರು. ಬಿಚ್ಚಿದರೆ ಒಳಗೆ ಪೈಜಾಮಗಳು. ಅಂಗಡಿಯಲ್ಲಿ ಉಳಿದ ಹತ್ತಿಬಟ್ಟೆಯ ತುಂಡು ಸೇರಿಸಿ ಹೊಲಿದ, ಇಬ್ಬರು ಹೊಕ್ಕರೂ ಜಾಗ ಮಿಗುವಷ್ಟು ಸಡಿಲ ಪೈಜಾಮಗಳು. ಒಂದರ ಮೇಲೆ ಸೂರ್ಯಕಾಂತಿ ಹೂವು, ಇನ್ನೊಂದರ ಮೇಲೆ ಹಡಗು.

"ಬಿಗಿ ಪ್ಯಾಂಟಲ್ಲಿ ಬರೋರಿಗೆ ಕೊಡಿ ಅಣ್ಣ. ಸಾಯಂಕಾಲ ಕೂತು ಇಬ್ಬರೂ ಮಾಡಿದ್ದು. ಇವರು ಕತ್ತರಿಸ್ತಾರೆ, ನಾನು ಹೊಲೀತೀನಿ. ಕತ್ತರಿಸೋದರಲ್ಲಿ ಏನೂ ಪ್ರಯೋಜನ ಇಲ್ಲ, ಒಂದು ಕಾಲು ಉದ್ದ, ಒಂದು ಗಿಡ್ಡ. ಆದ್ರೂ ಪಕ್ಕದಲ್ಲಿ ಕೂತಿರ್ತಾರಲ್ಲ, ಸಾಕು."

ಅಂದಿನಿಂದ ಕೋಣೆಯ ಕಪಾಟಿನಲ್ಲಿ ಪೈಜಾಮ ಖಾಲಿಯಾದದ್ದಿಲ್ಲ. ತಿಂಗಳಿಗೊಮ್ಮೆ ಗಂಟು ಬರುತ್ತದೆ. ದೂರದಿಂದ ಜೀನ್ಸ್ ಹಾಕಿಕೊಂಡು ಬಂದವರು ಸೂರ್ಯಕಾಂತಿ ಪೈಜಾಮ ತೊಟ್ಟು, ಅದರ ಉದ್ದದ ಕಾಲನ್ನು ಮೇಲೆ ಮಡಚಿಕೊಂಡು ಬಸ್ಸು ಹತ್ತುತ್ತಾರೆ.

ಕೃತಜ್ಞತೆಯ ಮಾತು ಬಂದರೆ ಬಿಸಿನೀರಣ್ಣ ಅದನ್ನು ತಮ್ಮ ಮೇಲೆ ಹಾಕಿಕೊಳ್ಳುವುದಿಲ್ಲ. ದೊಡ್ಡಕ್ಕ ಈಗ ಇಲ್ಲ. "ನಾನು ವಾಪಸ್ ಕೊಡಬೇಕಾದವರು ಹೋಗಿಬಿಟ್ರು. ಅದಕ್ಕೆ ಬಾಗಿಲಿಗೆ ಬಂದವರಿಗೆ ಕೊಡ್ತಾ ಇದೀನಿ. ಆ ಡ್ರೈವರ್, ಅವನ ಹೆಂಡತಿ ಇನ್ಯಾರಿಗೋ ಕೊಡ್ತಾ ಇದಾರೆ. ಇದು ಎಲ್ಲಿ ಹೋಗಿ ನಿಲ್ಲುತ್ತೋ ನಂಗೂ ಗೊತ್ತಿಲ್ಲ" ಎನ್ನುತ್ತಾರೆ.

ಬರುವ ವರ್ಷ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದರೆ ಗೋಡೆಯ ಕಡೆ ನೋಡುತ್ತಾರೆ. ಈ ಕೋಣೆಗೆ ಬರಬೇಕಾದರೆ ಹೊರರೋಗಿಗಳ ಉದ್ದನೆಯ ಸಾಲನ್ನು ದಾಟಿ ಬರಬೇಕು. ಕಾಲಗಲಿಸಿ ನಡೆಯುವವನಿಗೆ ಆ ದಾರಿ ಮುಗಿಯುವುದೇ ಇಲ್ಲ. "ಹಿಂದಿನ ಗೋಡೆಗೆ ಒಂದು ಬಾಗಿಲು ಇಟ್ಟುಕೊಡಿ ಅಂತ ಕೇಳಿದೀನಿ. ಅಲ್ಲಿ ಬರೀ ನೀರಿನ ಟ್ಯಾಂಕು, ಯಾರೂ ಇರಲ್ಲ. ಮಾಡ್ತೀವಿ ಅಂದಿದಾರೆ. ನಾನು ಹೋಗೋ ಮುಂಚೆ ಆದ್ರೆ ಒಳ್ಳೇದು, ಹೋದ ಮೇಲೆ ಆದ್ರೂ ಸರಿ. ಬರೋರು ತಲೆ ಎತ್ಕೊಂಡು ಬರಲಿ."

ಫೋಟೋ ತೆಗೆಯೋಣವೆಂದರೆ ಕೈ ಅಡ್ಡ ಹಿಡಿಯುತ್ತಾರೆ. "ಬೇಡ ಬೇಡ. ಪೇಪರಲ್ಲಿ ನನ್ನ ಮುಖ ಬಂದ್ರೆ, ನಾಳೆ ರಸ್ತೇಲಿ ನನ್ನ ಜೊತೆ ನಿಂತು ಮಾತಾಡಿದವರನ್ನೆಲ್ಲ ಜನ ಕಾಲಿಂದ ತಲೆವರೆಗೂ ನೋಡ್ತಾರೆ. ಪಾಪ, ದಿನಾ ನನ್ನ ಜೊತೆ ಹರಟೋ ತರಕಾರಿಯವನ ಸಂಸಾರ ಹಾಳಾಗುತ್ತೆ."

ನಕ್ಕು, ಕೈ ತೊಳೆದುಕೊಂಡು, ಮುಂದಿನವರಿಗಾಗಿ ಬೋಗುಣಿಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ. ಆಮೇಲೆ ಏನೋ ಹೊಳೆದವರಂತೆ ತಿರುಗುತ್ತಾರೆ.

"ಫೋಟೋ ಜಾಗ ಖಾಲಿ ಉಳೀತಲ್ಲ, ಅಲ್ಲಿ ಇಷ್ಟು ಹಾಕಿ: ಬಣ್ಣ ಬದಲಾಯ್ತು ಅಂತ ಹೆದರಬೇಡಿ, ಜ್ವರ ಬಂದ್ರೆ ನಾಚ್ಕೋಬೇಡಿ. ದಪ್ಪ ಅಕ್ಷರದಲ್ಲಿ ಹಾಕಿ. ಓದಕ್ಕೆ ಕನ್ನಡಕ ಹುಡುಕೋ ವಯಸ್ಸಿನವರೇ ಜಾಸ್ತಿ ಬರೋದು."